ಅಕ್ಷರಗುಂಡಿನ ಮೇಲೆ ಯಾರ ದನಿ?

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ರಸ್ತೆ ತಳಕನ್ನು ದಾಟಿ ಮೊಳಕಾಲ್ಮೂರು ತಾಲ್ಲೂಕನ್ನು ಹೊಕ್ಕ ಮೇಲೆ ನೋಟ ಬದಲಾಗುತ್ತದೆ. ಶೇಂಗಾ ಹೊಲಗಳ ಅಂಚಿನಲ್ಲಿ ಬೋಳು ಬೆಟ್ಟಗಳು, ಆ ಬೆಟ್ಟಗಳ ಮೈತುಂಬ ಯಾರೋ ತಂದು ಪೇರಿಸಿಟ್ಟಂತಿರುವ ಬಂಡೆಗಳು. ಮಳೆಗೆ ಬರವಿರುವ ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಇಷ್ಟೊಂದು ಬಂಡೆಗಳ ನಡುವೆ ಮೂರನ್ನು ಮಾತ್ರ ಜನ ಹೆಸರಿಟ್ಟು ಗುರುತಿಸುತ್ತ ಬಂದರು. ಬ್ರಹ್ಮಗಿರಿಯಲ್ಲಿರುವುದು ಅಕ್ಷರಗುಂಡು. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿರುವುದು ಬಳೆಗಾರ ಗುಂಡು. ಜಾತ್ರೆಯ ದಿನ ಬಳೆ ಮಾರುವವರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು. ಸಿದ್ದಾಪುರದ ಬಳಿ ಇರುವುದು ಎಮ್ಮೆ ಕಾಯುವವನೊಬ್ಬನ ಹೆಸರಿನ ಗುಂಡು. ಮೂರೂ ಒಂದಕ್ಕೊಂದು ಕೆಲವೇ ಮೈಲಿಗಳ ಅಂತರದಲ್ಲಿವೆ.

ಅಕ್ಷರಗುಂಡು ಎಂಬ ಹೆಸರಿನಲ್ಲೇ ಒಂದು ಕತೆಯಿದೆ. ಅದರ ಮೇಲಿರುವುದು ಅಕ್ಷರ ಎಂಬುದು ಸುತ್ತಲಿನ ಜನಕ್ಕೆ ಗೊತ್ತಿತ್ತು. ಏನು ಬರೆದಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ನಾಡಿನಲ್ಲಿ ಯಾರೂ ಉಳಿಯದೆ ಶತಮಾನಗಳೇ ಕಳೆದಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಕುಳಿತು ಆ ಲಿಪಿಯ ಗುಟ್ಟನ್ನು ಬಿಡಿಸಿದ. ಅದಾದ 55 ವರ್ಷಗಳ ಮೇಲೆ, 1892ರಲ್ಲಿ, ಮೈಸೂರು ಸಂಸ್ಥಾನದ ಶಾಸನಗಳಿಗಾಗಿ ಜೀವ ಸವೆಸಿದ ಬಿ.ಎಲ್. ರೈಸ್ ಈ ಮೂರು ಬಂಡೆಗಳ ಬರಹವನ್ನು ಬೆಳಕಿಗೆ ತಂದರು. ಅವು ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳು. ಕರ್ನಾಟಕದಲ್ಲಿ ಮೊದಲು ಸಿಕ್ಕಿದ ಅಶೋಕನ ಶಾಸನಗಳು ಇವೇ. ಮಸ್ಕಿ, ಕೊಪ್ಪಳ, ನಿಟ್ಟೂರು, ಉದೇಗೊಳಂ, ಸನ್ನತಿಗಳವು ಬೆಳಕಿಗೆ ಬಂದದ್ದು ಆಮೇಲೆ.

ಈ ಶಾಸನಗಳನ್ನು ಇತಿಹಾಸದ ಪಾಠದಲ್ಲಿ ಓದುವಾಗ ನಮ್ಮ ಗಮನವೆಲ್ಲ ಮೌರ್ಯ ಸಾಮ್ರಾಜ್ಯದ ಗಡಿ ಎಲ್ಲಿಯವರೆಗೆ ಇತ್ತು ಎಂಬುದರ ಮೇಲೆ ನಿಲ್ಲುತ್ತದೆ. ಅದು ಸಹಜವೇ. ಆದರೆ ಈ ಬಂಡೆಗಳು ಇನ್ನೊಂದು ಪ್ರಶ್ನೆಗೂ ಸಾಕ್ಷಿ ಹೇಳಬಲ್ಲವು. ಬರೆಯುವವರನ್ನೆಲ್ಲ ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ ಅದು: ಬರಹದಲ್ಲಿ ಸ್ವಂತದ್ದು ಎನ್ನುವುದು ಯಾವುದು? ಹಿಂದಿನವರು ಹೇಳಿದ್ದನ್ನೇ ಹೇಳುವವನಿಗೆ ಸ್ವಂತ ದನಿ ಇರಬಲ್ಲುದೆ?

ಅರಸನ ಒಪ್ಪಿಗೆ

ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಹೇಳುವ ಮಾತನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚಾಯಿತು. ಅದರಲ್ಲಿ ಒಂದು ವರ್ಷ ತನ್ನಿಂದ ಹೆಚ್ಚಿನ ಪ್ರಯತ್ನವೇನೂ ನಡೆಯಲಿಲ್ಲ. ಸಂಘವನ್ನು ಸೇರಿ ಬಂದ ಮೇಲೆ, ಕಳೆದ ಒಂದು ವರ್ಷಕ್ಕೂ ಮಿಕ್ಕಿ, ತಾನು ಚೆನ್ನಾಗಿ ದುಡಿದಿದ್ದೇನೆ. ಇಂಥ ಪ್ರಯತ್ನದ ಫಲ ದೊಡ್ಡವರಿಗಷ್ಟೇ ಮೀಸಲಾದದ್ದಲ್ಲ. ಮನಸ್ಸು ಮಾಡಿದರೆ ಚಿಕ್ಕವನೂ ಸ್ವರ್ಗವನ್ನು ಪಡೆಯಬಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಪ್ರಯತ್ನಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂಬುದಕ್ಕಾಗಿ ಈ ಘೋಷಣೆ. ಕೊನೆಯಲ್ಲಿ 256 ಎಂಬ ಅಂಕಿಯಿದೆ. ಅದು ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷವಿರಬೇಕೆಂದು ಮೊದಲು ಕೆಲವು ವಿದ್ವಾಂಸರು ತಿಳಿದಿದ್ದರು. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂಬ ಅಭಿಪ್ರಾಯ ಈಗ ಹೆಚ್ಚು ಬಳಕೆಯಲ್ಲಿದೆ.

ಒಂದು ವರ್ಷ ತಾನು ಸಡಿಲವಾಗಿದ್ದೆ ಎಂಬ ಮಾತನ್ನು ಮತ್ತೆ ಗಮನಿಸಬೇಕು. ಅರಸರು ಕಲ್ಲಿನ ಮೇಲೆ ಬರೆಯಿಸುವುದು ಸಾಮಾನ್ಯವಾಗಿ ಗೆಲುವನ್ನು, ದಾನವನ್ನು, ವಂಶಾವಳಿಯನ್ನು. ಅಶೋಕನಿಗಿಂತ ಸುಮಾರು ಎರಡೂವರೆ ಶತಮಾನ ಮೊದಲು ಪರ್ಷಿಯದ ದೊರೆ ಡೇರಿಯಸ್ ಬೆಹಿಸ್ತೂನಿನ ಬೆಟ್ಟದ ಮೇಲೆ ಬರೆಯಿಸಿದ್ದು ತಾನು ಅಡಗಿಸಿದ ದಂಗೆಗಳ, ಸೆರೆ ಹಿಡಿದ ವೈರಿಗಳ ಪಟ್ಟಿ. ಅಲ್ಲಿ ಮತ್ತೆ ಮತ್ತೆ ಬರುವ ಒಕ್ಕಣೆ, ದೊರೆ ಡೇರಿಯಸ್ ಹೀಗೆ ಹೇಳುತ್ತಾನೆ ಎಂಬುದು. ಅಶೋಕನ ಅನೇಕ ಶಾಸನಗಳು ತೊಡಗುವುದೂ ದೇವಾನಾಂಪ್ರಿಯನು ಹೀಗೆ ಹೇಳುತ್ತಾನೆ ಎಂದೇ. ಬಂಡೆಯ ಮೇಲೆ ಅರಸನ ಮಾತನ್ನು ಬರೆಯಿಸುವ ರೂಢಿಗೆ ಪರ್ಷಿಯದ ಮೇಲ್ಪಂಕ್ತಿ ಇದ್ದೀತು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಲಿಪಿ ಎಂಬ ಶಬ್ದವೇ ಹಳೆಯ ಪರ್ಷಿಯನ್ನಿನ ದಿಪಿ ಎಂಬುದರಿಂದ ಬಂದಿರಬೇಕೆಂಬ ಊಹೆಯೂ ಇದೆ. ಇಂದಿನ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿಯ ಅಶೋಕನ ಶಾಸನದಲ್ಲಿ ದಿಪಿ ಎಂಬ ರೂಪವೇ ಬಳಕೆಯಾಗಿದೆ.

ಹಾಗಿದ್ದರೆ ಅಶೋಕನ ಒಕ್ಕಣೆ ಎರವಲು, ಬಂಡೆಯ ಮೇಲೆ ಬರೆಯಿಸುವ ಪದ್ಧತಿಯೂ ಬಹುಶಃ ಎರವಲು. ಹೇಳಿದ ನೀತಿಯಾದರೂ ಹೊಸತೇ ಎಂದರೆ ಅದೂ ಅಲ್ಲ. ಬ್ರಹ್ಮಗಿರಿಯ ಶಾಸನದ ಎರಡನೆಯ ಭಾಗದಲ್ಲಿ ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂಬ ಉಪದೇಶವಿದೆ. ಇದು ಹಿಂದಿನಿಂದ ಬಂದ ನಡವಳಿಕೆ ಎಂದು ಶಾಸನವೇ ಸ್ಪಷ್ಟವಾಗಿ ಹೇಳುತ್ತದೆ. ಹೊಸದನ್ನು ಕಂಡುಹಿಡಿದೆನೆಂಬ ಹಮ್ಮು ಇಲ್ಲಿಲ್ಲ. ಹಳೆಯದನ್ನು ಹಳೆಯದೆಂದೇ ಕರೆದಿದ್ದಾನೆ.

ಆದರೂ ಶಾಸನವನ್ನು ಓದಿದವರಿಗೆ ಇದು ಬೇರೆ ಯಾವ ಅರಸನದ್ದೂ ಅಲ್ಲ, ಅಶೋಕನದೇ ಎನ್ನಿಸುತ್ತದೆ. ಆ ಗುರುತು ಹುಟ್ಟುವುದು ಒಕ್ಕಣೆಯಿಂದಲ್ಲ, ನೀತಿಯಿಂದಲೂ ಅಲ್ಲ. ಅವನೊಬ್ಬನೇ ಹೇಳಬಹುದಾಗಿದ್ದ, ಹೇಳದೆ ಬಿಟ್ಟಿದ್ದರೂ ಯಾರೂ ಕೇಳದಿದ್ದ ಆ ಒಂದು ವರ್ಷದ ಮಾತಿನಿಂದ. ಇತರರಿಗೆ ಪ್ರಯತ್ನ ಮಾಡಿರೆಂದು ಬೋಧಿಸಹೊರಟವನು ಮೊದಲು ತನ್ನ ಸೋಮಾರಿತನದ ಲೆಕ್ಕ ಒಪ್ಪಿಸಿದ್ದಾನೆ.

ಹಾಗೆಂದು ಈ ಒಪ್ಪಿಗೆಯನ್ನು ಕಣ್ಣುಮುಚ್ಚಿ ಕೊಂಡಾಡುವಂತಿಲ್ಲ. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂದು ಅಶೋಕ ಮರುಗಿದ್ದು ತನ್ನ 13ನೆಯ ಬಂಡೆಗಲ್ಲು ಶಾಸನದಲ್ಲಿ. ಆದರೆ ಆ ಶಾಸನವನ್ನು ಕಳಿಂಗದಲ್ಲೇ, ಧೌಲಿ ಮತ್ತು ಜೌಗಡಗಳಲ್ಲಿ, ಬರೆಯಿಸಲಿಲ್ಲ. ನೊಂದವರ ಎದುರಿಗೆ ಆ ಮಾತನ್ನು ಅವನು ಆಡಲಿಲ್ಲ. ಅಲ್ಲಿಗೆ ಬೇರೆ ಎರಡು ಶಾಸನಗಳನ್ನು ಕಳಿಸಿದ. ಯಾರ ಮುಂದೆ ಎಷ್ಟು ಮನಸ್ಸು ತೆರೆಯಬೇಕೆಂಬ ಲೆಕ್ಕಾಚಾರ ಪ್ರಾಮಾಣಿಕ ಬರಹಗಾರನಲ್ಲೂ ಇರುತ್ತದೆ ಎಂಬುದಕ್ಕೆ ಇದು ಹಳೆಯ ನಿದರ್ಶನ.

ಹಲವು ಕೈ ದಾಟಿದ ಮಾತು

ಅಶೋಕನ ಈ ದನಿ ನೇರವಾಗಿ ಬಂಡೆಗೆ ಬಂದದ್ದೂ ಅಲ್ಲ. ಬ್ರಹ್ಮಗಿರಿಯ ಶಾಸನದ ಮೊದಲ ಸಾಲುಗಳೇ ಅದು ಬಂದ ದಾರಿಯನ್ನು ತಿಳಿಸುತ್ತವೆ. ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನ ಮೇರೆಗೆ ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಹೀಗೆ ತಿಳಿಸತಕ್ಕದ್ದು ಎಂಬ ಅರ್ಥದ ಒಕ್ಕಣೆ ಅಲ್ಲಿದೆ. ಆರ್ಯಪುತ್ರನೆಂದರೆ ದಕ್ಷಿಣ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ರಾಜಕುಮಾರ. ಮಹಾಮಾತ್ರರೆಂದರೆ ಹಿರಿಯ ಅಧಿಕಾರಿಗಳು. ಸುವರ್ಣಗಿರಿ ಎಲ್ಲಿತ್ತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಸಿಲವೆಂದರೆ ಬ್ರಹ್ಮಗಿರಿಯ ಬುಡದ ಊರೇ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ನಡೆಸಿದ ಉತ್ಖನನ ಈ ನೆಲೆ ಮೌರ್ಯರಿಗಿಂತ ಹಿಂದಿನಿಂದಲೂ ಜನವಸತಿಯಿದ್ದದ್ದು ಎಂಬುದನ್ನು ತೋರಿಸಿತು. ಇಸಿಲ ಎಂಬುದು ಕನ್ನಡದ ಮಾತೇ ಇರಬೇಕೆಂದು ಊಹಿಸಿದ ವಿದ್ವಾಂಸರೂ ಇದ್ದಾರೆ.

ಇಂದಿನ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯನ್ನು ಅದರ ಮೇಲೊಕ್ಕಣೆಯ ಸಮೇತ ಕಲ್ಲಿಗೆ ಇಳಿಸಲಾಗಿದೆ. ಮಧ್ಯಪ್ರದೇಶದ ರೂಪನಾಥ, ಬಿಹಾರದ ಸಹಸ್ರಾಮಗಳಲ್ಲಿ ಇದೇ ಶಾಸನವಿದ್ದರೂ ಅಲ್ಲಿ ಈ ಮೇಲೊಕ್ಕಣೆಯಿಲ್ಲ. ಆ ಊರುಗಳಲ್ಲಿ ಅರಸನ ಮಾತಷ್ಟೇ ಉಳಿದಿದ್ದರೆ, ಇಲ್ಲಿ ಅದನ್ನು ಹೊತ್ತು ತಂದವರ ಗುರುತೂ ಉಳಿದಿದೆ.

ಅರಸ ಹೇಳಿದ, ಯಾರೋ ಬರೆದುಕೊಂಡರು, ಸುವರ್ಣಗಿರಿಗೆ ಬಂತು, ಅಲ್ಲಿಂದ ಇಸಿಲಕ್ಕೆ ಬಂತು, ಲಿಪಿಕಾರ ಬಂಡೆಗೆ ಹೊಂದುವಂತೆ ಬರೆದ, ಕಲ್ಲುಕುಟಿಗ ಕೆತ್ತಿದ. ಇಷ್ಟು ಕೈಗಳು. ಇದರ ಜೊತೆಗೆ ಇನ್ನೊಬ್ಬರು ಇದ್ದಿರಲೇಬೇಕು. ಶಾಸನದ ಭಾಷೆ ಪ್ರಾಕೃತ. ಅದು ಈ ಸೀಮೆಯ ಜನರ ಮನೆಮಾತಾಗಿರಲಿಲ್ಲ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಪಾಠದಲ್ಲಿ ಭೇರಿ ಹೊಡೆಸಿ ಜನಪದಕ್ಕೆ ತಿಳಿಸಬೇಕೆಂಬ ಸೂಚನೆಯಿದೆ. ಭೇರಿಯ ಸದ್ದಿಗೆ ನೆರೆದವರಿಗೆ ಅವರದೇ ನುಡಿಯಲ್ಲಿ ಬಿಡಿಸಿ ಹೇಳಿದವರು ಯಾರಾದರೂ ಇದ್ದಿರಬೇಕು. ಅರಸನ ಮಾತು ಈ ಸೀಮೆಯವರ ಕಿವಿಗೆ ಬಿದ್ದದ್ದು ಅವರ ಬಾಯಿಂದ. ಆ ದನಿ ಯಾವ ಬಂಡೆಯ ಮೇಲೂ ಉಳಿದಿಲ್ಲ.

ಲಿಪಿಕಾರ ಚಪಡ

ಇಷ್ಟು ಕೈಗಳಲ್ಲಿ ಒಂದು ಕೈ ಮಾತ್ರ ತನ್ನ ಗುರುತು ಬಿಟ್ಟಿತು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಇದನ್ನು ಬರೆದವನು ಲಿಪಿಕಾರನಾದ ಚಪಡ ಎಂದಿದೆ. ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬರಹವೂ ಇವನದೇ ಎಂದು ವಿದ್ವಾಂಸರು ಒಪ್ಪಿದ್ದಾರೆ. ಆರಂಭದ ಓದಿನಲ್ಲಿ ಇವನ ಹೆಸರನ್ನು ಪಡ ಎಂದು ತಿಳಿದದ್ದೂ ಉಂಟು. ಮೊದಲಿನ ಚ ಎಂಬ ಅಕ್ಷರವನ್ನು ಮತ್ತು ಎಂಬ ಅರ್ಥದ ಅವ್ಯಯವೆಂದು ಬೇರ್ಪಡಿಸಿದ್ದರಿಂದ ಹಾಗಾಯಿತು. ಹುಲ್ಟ್ಷ್ 1925ರಲ್ಲಿ ಅಶೋಕನ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಚಪಡ ಎಂಬುದೇ ರೂಢಿಗೆ ಬಂತು.

ಅವನ ಸಹಿಯಲ್ಲಿ ಒಂದು ವಿಶೇಷವಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ ಸಾಗುತ್ತದೆ. ಆದರೆ ತನ್ನ ಕಸುಬನ್ನು ಹೇಳುವ ಲಿಪಿಕರೇಣ ಎಂಬ ಒಂದು ಪದವನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಸಾಮ್ರಾಜ್ಯದ ವಾಯವ್ಯ ಅಂಚಿನಲ್ಲಿ, ಶಹಬಾಜ್‌ಗಢಿ ಮತ್ತು ಮಾನ್‌ಸೆಹ್ರಾಗಳ ಕಡೆ. ಮೊಳಕಾಲ್ಮೂರಿನ ಸೀಮೆಯಲ್ಲಿ ಆ ಪದವನ್ನು ಓದಬಲ್ಲವರು ಅವನ ಹೊರತು ಇನ್ನೆಷ್ಟು ಮಂದಿ ಇದ್ದಾರು? ಅವನು ಆ ಕಡೆಯಿಂದ ಬಂದವನಿರಬೇಕು, ಅಥವಾ ಅಲ್ಲಿಯ ವಿದ್ಯೆ ಕಲಿತವನಿರಬೇಕು ಎಂಬುದು ವಿದ್ವಾಂಸರ ಊಹೆ. ಇದಕ್ಕಿಂತ ಹೆಚ್ಚಾಗಿ ಅವನ ಬದುಕಿನ ಬಗ್ಗೆ ಒಂದು ಸಂಗತಿಯೂ ದೊರೆಯದು.

ಆಡಳಿತದ ದೃಷ್ಟಿಯಿಂದ ಆ ಖರೋಷ್ಠಿ ಪದಕ್ಕೆ ಯಾವ ಅಗತ್ಯವೂ ಇರಲಿಲ್ಲ. ಅರಸನಿಗೆ ಅದು ಬೇಕಿರಲಿಲ್ಲ, ಇಸಿಲದ ಮಹಾಮಾತ್ರರಿಗೂ ಬೇಕಿರಲಿಲ್ಲ. ಎರಡು ಲಿಪಿ ಬಲ್ಲೆನೆಂಬ ಹೆಮ್ಮೆಯೋ, ದೂರದ ತನ್ನ ಸೀಮೆಯ ನೆನಪೋ, ಕೆಲಸ ಮುಗಿದ ಹೊತ್ತಿನ ಲಹರಿಯೋ, ಅಂತೂ ಇನ್ನೊಬ್ಬರ ಮಾತನ್ನು ಅಕ್ಷರಕ್ಷರ ನಕಲು ಮಾಡುವುದೇ ಕಸುಬಾಗಿದ್ದವನು ಒಂದು ಪದದಷ್ಟು ಜಾಗವನ್ನು ತನಗೆಂದು ಉಳಿಸಿಕೊಂಡ.

ಇದನ್ನು ಬರಿಯ ಜಂಭ ಎಂದು ತಳ್ಳಿಹಾಕುವಂತಿಲ್ಲ. ಬರೆದವನು ನಾನು ಎಂಬುದರಲ್ಲಿ ಹೆಮ್ಮೆಯಷ್ಟೇ ಹೊಣೆಯೂ ಇದೆ. ಈ ಬರಹದಲ್ಲಿ ತಪ್ಪಿದ್ದರೆ ಕೇಳಬೇಕಾದವನು ನಾನು ಎಂಬ ಅರ್ಥವೂ ಅದರಲ್ಲಿ ಸೇರಿದೆ. ಅಂಥ ಪ್ರಶ್ನೆ ಬರುವ ಸಂಭವ ಇಲ್ಲದೆಯೂ ಇರಲಿಲ್ಲ. ಅಶೋಕನ 14ನೆಯ ಬಂಡೆಗಲ್ಲು ಶಾಸನ ಇದೇ ಲಿಪಿಕಾರರ ಸುದ್ದಿಯನ್ನು ಎತ್ತುತ್ತದೆ. ತನ್ನ ಶಾಸನಗಳು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆ. ವಿಷಯದ ಸವಿಗಾಗಿ ಕೆಲವು ಮಾತು ಮತ್ತೆ ಮತ್ತೆ ಬಂದಿವೆ. ಜಾಗದ ಕಾರಣದಿಂದಲೋ ಲಿಪಿಕಾರನ ಅಪರಾಧದಿಂದಲೋ ಕೆಲವು ಅಪೂರ್ಣವಾಗಿ ಬರೆಯಲ್ಪಟ್ಟಿರಬಹುದು ಎಂಬುದು ಅದರ ತಾತ್ಪರ್ಯ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಸಿಕ್ಕಿದ ಶಾಸನಗಳಲ್ಲಿ ಈ 14ನೆಯದೂ ಒಂದು. ಅದನ್ನು ಕೆತ್ತಿದ ಕಲ್ಲು ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು.

ನಕಲು ಮಾಡುವವರ ಕೈ ತಪ್ಪುತ್ತದೆಂಬುದು ಅರಸನಿಗೂ ಗೊತ್ತಿತ್ತೆಂದ ಹಾಗಾಯಿತು. ತಪ್ಪಷ್ಟೇ ಅಲ್ಲ, ಕೈಯಿಂದ ಕೈಗೆ ರೀತಿಯೂ ಬೇರೆಯಾಗುತ್ತದೆ. ಎರ್ರಗುಡಿಯಲ್ಲಿ ಇದೇ ಶಾಸನವನ್ನು ಬರೆದ ಇನ್ನೊಬ್ಬ ಲಿಪಿಕಾರ ಹಲವು ಸಾಲುಗಳನ್ನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ, ಹೊಲ ಉಳುವ ಎತ್ತು ತಿರುಗಿ ಬರುವಂತೆ, ನಡೆಸಿದ್ದಾನೆ. ಮಾತು ಒಂದೇ ಆದರೂ ಕೈ ಬೇರೆಯಾದಾಗ ಬರಹದ ಚಹರೆ ಬೇರೆಯಾಗುತ್ತದೆ. ಅರಸನ ಬಾಯಿಂದ ಹೊರಟ ಮೂಲ ಪಾಠ ಎಲ್ಲಿಯೂ ಉಳಿದಿಲ್ಲ. ಉಳಿದಿರುವುದೆಲ್ಲ ನಕಲುಗಳೇ.

ಗದುಗಿನ ಇನ್ನೊಬ್ಬ ಲಿಪಿಕಾರ

ಲಿಪಿಕಾರ ಎಂಬ ಮಾತು ಕನ್ನಡದ ಓದುಗರಿಗೆ ಬ್ರಹ್ಮಗಿರಿಗಿಂತ ಹೆಚ್ಚಾಗಿ ಗದುಗನ್ನು ನೆನಪಿಗೆ ತರುತ್ತದೆ. ಚಪಡನ ನಂತರ ಹದಿನಾರು ಹದಿನೇಳು ಶತಮಾನಗಳು ಸಂದ ಮೇಲೆ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ಈ ಕಾವ್ಯದ ಕವಿ ಗದುಗಿನ ವೀರನಾರಾಯಣ, ತಾನು ಬರಿಯ ಲಿಪಿಕಾರ ಎಂದುಕೊಂಡ. ವಿನಯದ ಪರಾಕಾಷ್ಠೆ ಇದು. ಆದರೆ ಅದೇ ಪೀಠಿಕೆಯಲ್ಲಿ ಅವನು ತನ್ನ ಹೆಗ್ಗಳಿಕೆಗಳನ್ನೂ ಎಣಿಸುತ್ತಾನೆ. ಇಟ್ಟ ಪದವನ್ನು ಅಳಿಸುವುದಿಲ್ಲ, ಇತರರ ರೀತಿಯನ್ನು ಎರವಲು ತರುವುದಿಲ್ಲ ಎಂಬವು ಆ ಪಟ್ಟಿಯಲ್ಲಿವೆ.

ಮೇಲುನೋಟಕ್ಕೆ ಇವೆರಡೂ ಒಂದಕ್ಕೊಂದು ಎದುರಾದ ಮಾತುಗಳು. ದೇವರು ಹೇಳಿದ್ದನ್ನು ಬರೆದವನಿಗೆ ಸ್ವಂತ ರೀತಿಯ ಹೆಮ್ಮೆ ಎಲ್ಲಿಂದ ಬಂತು? ಕತೆಯಂತೂ ವ್ಯಾಸರದು, ಪಂಪನೂ ರನ್ನನೂ ಅದನ್ನು ಮೊದಲೇ ಕನ್ನಡಕ್ಕೆ ತಂದಾಗಿತ್ತು. ಆದರೆ ಕುಮಾರವ್ಯಾಸನಿಗೆ ಇದರಲ್ಲಿ ತೊಡಕು ಕಾಣಲಿಲ್ಲ. ಕತೆ ಯಾರದು ಎಂಬುದನ್ನು ಅವನು ಮುಚ್ಚಿಡಲಿಲ್ಲ. ಅದನ್ನು ಹೇಳುವ ಬಗೆ ಮಾತ್ರ ತನ್ನದು ಎಂದ. ಬ್ರಹ್ಮಗಿರಿಯ ಲಿಪಿಕಾರ ಒಂದು ಪದದಲ್ಲಿ ಮಾಡಿದ್ದನ್ನೇ ಗದುಗಿನ ಲಿಪಿಕಾರ ಸಾವಿರಾರು ಷಟ್ಪದಿಗಳಲ್ಲಿ ಮಾಡಿದ ಎನ್ನಬಹುದು.

ತಳಕಿನ ಗುರು

ಹೇಳಿದ ಕತೆಯನ್ನೇ ಮತ್ತೆ ಏಕೆ ಹೇಳಬೇಕೆಂಬ ಪ್ರಶ್ನೆಯನ್ನು 20ನೆಯ ಶತಮಾನದ ಕವಿಗಳೂ ಎದುರಿಸಬೇಕಾಯಿತು. ಅದಕ್ಕೆ ದೊರೆತ ಒಂದು ದೊಡ್ಡ ಉತ್ತರದಲ್ಲಿ ಚಳ್ಳಕೆರೆ ತಾಲ್ಲೂಕಿನ ಹೆಸರು ಸೇರಿಕೊಂಡಿದೆ. ಬಳ್ಳಾರಿ ರಸ್ತೆಯ ಮೇಲೇ ಸಿಗುವ ತಳಕು ಟಿ.ಎಸ್. ವೆಂಕಣ್ಣಯ್ಯನವರ ಊರು. 1885ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು, ಕುವೆಂಪು ಅವರ ಗುರುಗಳಾಗಿದ್ದರು. ಅವರು ಸ್ವಂತವಾಗಿ ಬರೆದದ್ದು ಹೆಚ್ಚಲ್ಲ. ಬರೆಯುವವರನ್ನು ಬೆಳೆಸಿದ್ದು ಹೆಚ್ಚು.

1949ರಲ್ಲಿ ಶ್ರೀರಾಮಾಯಣ ದರ್ಶನಂ ಪ್ರಕಟವಾದಾಗ ಕುವೆಂಪು ಅದನ್ನು ಅರ್ಪಿಸಿದ್ದು ಹತ್ತು ವರ್ಷಗಳ ಹಿಂದೆ ಅಗಲಿದ್ದ ಈ ಗುರುವಿಗೆ. ಆ ಅರ್ಪಣೆಯ ಪದ್ಯಗಳಲ್ಲಿ ಕವಿ ತಾನು ಕಾವ್ಯವನ್ನು ಸೃಷ್ಟಿಸಿದಂತೆ ಕಾವ್ಯವೂ ತನ್ನನ್ನು ಸೃಷ್ಟಿಸಿತು ಎಂಬ ಭಾವವನ್ನು ವ್ಯಕ್ತಪಡಿಸಿದ್ದಾರೆ. ವಾಲ್ಮೀಕಿಯ ಕತೆ, ನಾಡಿನ ಮನೆಮನೆಯ ಕತೆ, ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಜಟಾಯು ಬಿದ್ದ ಎಂದು ಮೊಳಕಾಲ್ಮೂರಿನ ಜನ ಇಂದಿಗೂ ನಂಬಿರುವ ಕತೆ, ಅದನ್ನು ಕುವೆಂಪು ಮತ್ತೆ ಹೇಳಿದರು. ಅವರ ರಾಮಾಯಣದಲ್ಲಿ ಮಂಥರೆಯ ಬಗ್ಗೆ, ರಾವಣನ ಬಗ್ಗೆ ಬೇರೊಂದು ಕರುಣೆ ಬಂತು. ಋಣವನ್ನು ಇಷ್ಟು ತೆರೆದು ಹೇಳಿದ ಕವಿಯ ಸ್ವಂತಿಕೆಗೆ ಅದರಿಂದ ಕುಂದೇನೂ ಆಗಲಿಲ್ಲ. ಆ ಕೃತಿಗೆ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಅನಂತರ ಕನ್ನಡದ ಮೊದಲ ಜ್ಞಾನಪೀಠವೂ ಬಂತು.

ಅಕ್ಷರವಿಲ್ಲದ ಕಂಠ

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಕ್ಷರ ಬಲ್ಲವರ ಮಾತಾಯಿತು. ಈ ಎರಡು ತಾಲ್ಲೂಕುಗಳಲ್ಲಿ ಅಕ್ಷರದ ಹಂಗಿಲ್ಲದ ಇನ್ನೊಂದು ಭಂಡಾರವಿದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸಬೇಡರ ಹಟ್ಟಿಗಳಲ್ಲಿ ದೈವಗಳಾದ ವೀರರ ಕಥನಗೀತೆಗಳು ಬಾಯಿಂದ ಬಾಯಿಗೆ ಬಂದಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ. ಆದರೆ ಆಕೆಯ ನೆನಪಿನಲ್ಲಿದ್ದ ಹಾಡುಗಳ ರಾಶಿ ಪಂಡಿತರನ್ನು ಬೆರಗುಗೊಳಿಸಿತು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರು ಆಕೆಯ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ರೂಪದಲ್ಲಿ ಹೊರತಂದರು. ಇಲ್ಲಿ ಲಿಪಿಕಾರನ ಪಾತ್ರ ವಿದ್ವಾಂಸರದು.

ಇಂಥ ಹಾಡು ಯಾರ ಸ್ವಂತ? ಹಟ್ಟಿಯಲ್ಲಿ ಈ ಪ್ರಶ್ನೆ ಕೇಳಿದರೆ ಹಿರಿಯರಿಂದ ಬಂದದ್ದು ಎಂಬ ಉತ್ತರ ಸಾಮಾನ್ಯ. ಹಾಡುವವರು ಕರ್ತೃತ್ವವನ್ನು ತಮ್ಮ ತಲೆಗೆ ಕಟ್ಟಿಕೊಳ್ಳುವುದಿಲ್ಲ. ಆದರೆ ಒಬ್ಬರು ಹಾಡಿದಂತೆ ಇನ್ನೊಬ್ಬರು ಹಾಡುವುದಿಲ್ಲ ಎಂಬುದು ಕೇಳುವವರಿಗೆಲ್ಲ ಗೊತ್ತು. ಎಲ್ಲಿ ಎಳೆಯಬೇಕು, ಯಾವ ದುಃಖವನ್ನು ಬೆಳೆಸಬೇಕು, ಯಾರ ಕಡೆ ನಿಂತು ಕತೆ ಹೇಳಬೇಕು ಎಂಬುದು ಹಾಡುವ ಕಂಠದ ತೀರ್ಮಾನ.

1930ರ ದಶಕದಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೋಸ್ಲಾವಿಯದ ಹಳ್ಳಿಗಾಡಿನಲ್ಲಿ ಇದೇ ಸಂಗತಿಯನ್ನು ಕಂಡರು. ಅಲ್ಲಿಯ ಮಹಾಕಾವ್ಯದ ಹಾಡುಗಾರರು ತಾವು ಕೇಳಿದ್ದನ್ನು ಒಂದಕ್ಷರ ಬಿಡದಂತೆ ಹಾಡುತ್ತೇವೆ ಎನ್ನುತ್ತಿದ್ದರು. ಆದರೆ ಧ್ವನಿಮುದ್ರಣ ಮಾಡಿ ಹೋಲಿಸಿ ನೋಡಿದರೆ ಪ್ರತಿ ಸಲದ ಹಾಡು ಹೊಸದಾಗಿಯೇ ಕಟ್ಟಿದ್ದು. ಹಾಡುಗಾರರು ಸುಳ್ಳು ಹೇಳುತ್ತಿರಲಿಲ್ಲ. ಪದ ಬದಲಾದರೂ ಕತೆಗೆ ನಿಷ್ಠೆ ಉಳಿದರೆ ಅದು ಅದೇ ಹಾಡು ಎಂಬುದು ಅವರ ತಿಳಿವಳಿಕೆ. ಮೂಲ ಒಂದು, ನಕಲು ಇನ್ನೊಂದು ಎಂಬ ವಿಂಗಡಣೆ ಅಕ್ಷರಸ್ಥರದು. ಹೋಮರನ ಕಾವ್ಯಗಳನ್ನು ಓದುವ ಬಗೆಯನ್ನೇ ಈ ಅಧ್ಯಯನ ಬದಲಾಯಿಸಿತು.

ಆದರೂ ಇಲ್ಲಿ ಒಂದು ಎಚ್ಚರ ಬೇಕು. ಹಾಡು ಎಲ್ಲರದು ಎಂಬ ಮಾತನ್ನು ಹಟ್ಟಿಯವರು ಹೇಳಿದರೆ ಅದು ಔದಾರ್ಯ. ಹೊರಗಿನವರು ಹೇಳಿ ಹಾಡಿದವರ ಹೆಸರನ್ನೇ ಕೈಬಿಟ್ಟರೆ ಅದು ಕಳವು. ಜನಪದ ಗೀತೆ ಎಂಬ ಒಂದೇ ಹಣೆಪಟ್ಟಿಯಡಿ ಹಾಡಿದವರ ಹೆಸರು, ಊರು ಯಾವುದೂ ಇಲ್ಲದೆ ಅಚ್ಚಾದ ಹಾಡುಗಳಿಗೆ ಲೆಕ್ಕವಿಲ್ಲ. ಸಿರಿಯಜ್ಜಿಯ ಹೆಸರು ಆಕೆಯ ಹಾಡುಗಳೊಡನೆಯೇ ಉಳಿಯಿತು ಎಂಬುದು ಆದ್ದರಿಂದ ಸಣ್ಣ ಸಂಗತಿಯಲ್ಲ. ಬರೆದುಕೊಂಡವರು ತಾವು ಬರೆದುಕೊಂಡವರೆಂದು, ಹಾಡಿದವರು ಹಾಡಿದವರೆಂದು ಬೇರೆಬೇರೆಯಾಗಿ ಕಾಣಿಸಿಕೊಂಡಾಗ ಇಬ್ಬರ ದನಿಯೂ ಉಳಿಯುತ್ತದೆ.

ಮರಳಿ ಬಂಡೆಯ ಬಳಿಗೆ

ಸ್ವಂತಿಕೆ ಎಂದರೆ ಹಿಂದೆ ಯಾರೂ ಹೇಳದ್ದನ್ನು ಹೇಳುವುದು ಎಂದು ಹೊಸ ಬರಹಗಾರರು ಹೆದರುತ್ತಾರೆ. ಆ ಅಳತೆಗೋಲಿನಿಂದ ಅಳೆದರೆ ಅಶೋಕನೂ ಕುಮಾರವ್ಯಾಸನೂ ಸಿರಿಯಜ್ಜಿಯೂ ಉತ್ತೀರ್ಣರಾಗುವುದಿಲ್ಲ. ಚಪಡನ ಪಾಡಂತೂ ಕೇಳುವುದೇ ಬೇಡ. ಇವರೆಲ್ಲರ ಬಳಿ ಇದ್ದದ್ದು ಬೇರೆಯವರಿಂದ ಬಂದ ಮಾತು. ಆ ಮಾತಿಗೆ ಅವರು ತಮ್ಮನ್ನು ಒಪ್ಪಿಸಿಕೊಂಡ ಬಗೆಯಲ್ಲಿ ಅವರ ದನಿ ಇದೆ. ಅರಸ ತನ್ನ ಕೊರತೆಯನ್ನು ಹೇಳಿ ಮಾತಿಗೆ ಹೊಣೆಯಾದ. ಲಿಪಿಕಾರ ತನ್ನ ಹೆಸರನ್ನು ಬರೆದು ಅಕ್ಷರಕ್ಕೆ ಹೊಣೆಯಾದ. ಕವಿಗಳು ಋಣ ಯಾರದೆಂದು ಹೇಳಿ ಹೊಣೆಯಾದರು. ಎಲ್ಲಿಂದ ಬಂತು ಎಂಬುದನ್ನು ಮರೆಸದೆ, ಇದನ್ನು ಇಲ್ಲಿ ಹೇಳುತ್ತಿರುವವನು ನಾನು ಎಂದು ಮುಂದೆ ನಿಲ್ಲುವುದರಲ್ಲಿ ಸ್ವಂತಿಕೆಯ ಬಹುಪಾಲು ಅಡಗಿದೆ.

ಇಂದು ಸಾರ್ವಜನಿಕವಾಗಿ ಬರೆಯಲು ಬಂಡೆ ಬೇಡ, ಚಕ್ರವರ್ತಿಯ ಅಪ್ಪಣೆಯೂ ಬೇಡ. ಅಂಗೈಯ ಮೊಬೈಲಿನಲ್ಲಿ ಬರೆದದ್ದು ಚಳ್ಳಕೆರೆಯ ಸಂತೆ ಮುಗಿಯುವುದರೊಳಗೆ ಕಡಲಾಚೆಗೂ ತಲುಪುತ್ತದೆ. ಅಷ್ಟೇ ವೇಗದಲ್ಲಿ ಬರೆದವರ ಹೆಸರು ಕಳಚಿಬೀಳುತ್ತದೆ. ಒಬ್ಬರ ಪದ್ಯ ಇನ್ನೊಬ್ಬರ ಹೆಸರಿನಲ್ಲಿ, ಯಾರೂ ಆಡದ ಮಾತು ದೊಡ್ಡವರ ಹೆಸರಿನಲ್ಲಿ ಕೈಯಿಂದ ಕೈಗೆ ದಾಟುತ್ತಿರುತ್ತದೆ. ದಾಟಿಸಿದವರು ಯಾರೂ ಅದಕ್ಕೆ ಹೊಣೆಯಲ್ಲ. ಬ್ರಹ್ಮಗಿರಿಯ ಬಂಡೆಯ ಮೇಲಾದರೋ ಮಾತು ಎಲ್ಲಿಂದ ಹೊರಟಿತು, ಯಾರ ಮೂಲಕ ಬಂತು, ಕೊನೆಗೆ ಯಾರು ಬರೆದರು ಎಂಬುದೆಲ್ಲ ಇದೆ.

ಆ ಕೊನೆಯ ಪದವನ್ನು ಸರಿಯಾಗಿ ಓದುವವರು ಬರಲು ಎರಡು ಸಾವಿರ ವರ್ಷಕ್ಕೂ ಹೆಚ್ಚು ಬೇಕಾಯಿತು. ಅಷ್ಟು ಕಾಲವೂ ಅದು ಜಾತ್ರೆಗೆ ಹೋಗುವವರ, ಎಮ್ಮೆ ಕಾಯುವವರ ಕಣ್ಣೆದುರಿಗೇ ಇತ್ತು. ಓದಲು ಬಾರದಿದ್ದರೂ ಅವರು ಅದನ್ನು ಅಕ್ಷರವೆಂದು ಕರೆದರು.